ಮಾವನವರ ಕೋವಿ

ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ನಾನು ಮದುವೆಯಾಗಿ ತೀರ್ಥಹಳ್ಳಿ ಕಡೆಯ ಈ ಮನೆಗೆ ಬಂದ 1991ರಲ್ಲಿ ಆ ಗೂಟಗಳ ಮೇಲೆ ಮಾವನವರ ಜೋಡುನಳಿಗೆ ಕೋವಿ ಮಲಗಿರುತ್ತಿತ್ತು. ಪೇಟೆಯಲ್ಲಿ ಬೆಳೆದ ನನಗೆ ಮೊದಮೊದಲು ಅದರ ಕೆಳಗೆ ಕೂತು ಕಾಫಿ ಕುಡಿಯುವುದಕ್ಕೂ ಭಯ. ವರ್ಷ ಕಳೆದಂತೆ ಕೊಡೆ, ಟೋಪಿ, ಕ್ಯಾಲೆಂಡರಿನ ಹಾಗೆ ಅದೂ ಗೋಡೆಯ ಒಂದು ಸಾಮಾನಾಯಿತು. ಆಯುಧಪೂಜೆಯ ದಿನ ಇಳಿಸಿ, ಎಣ್ಣೆಬಟ್ಟೆಯಲ್ಲಿ ಒರೆಸಿ, ಕತ್ತಿ ಗುದ್ದಲಿಗಳ ಸಾಲಿನಲ್ಲಿಟ್ಟು ಕುಂಕುಮ ಹಚ್ಚುವುದು; ಮಂಗಗಳು ತೋಟಕ್ಕಿಳಿದ ದಿನ ಗಾಳಿಗೆ ಒಂದು ಈಡು ಹಾರಿಸುವುದು; ಚುನಾವಣೆ ಬಂತೆಂದರೆ ಪೊಲೀಸ್ ಠಾಣೆಗೆ ಒಪ್ಪಿಸಿ ಚೀಟಿ ತರುವುದು. ಇಷ್ಟೇ ಅದರ ವರ್ಷದ ಕೆಲಸ.

ಅದು ಒಂದು ಕಾಲದಲ್ಲಿ ಶಿಕಾರಿ ಕೋವಿಯೇ. ಮಾವನವರ ತಂದೆ ಅದರಲ್ಲಿ ಹಂದಿ ಹೊಡೆದ ಕಥೆಗಳನ್ನು ಅತ್ತೆ ಈಗಲೂ ಹೇಳುತ್ತಾರೆ, ಪ್ರತಿ ಸಲವೂ ಹಂದಿ ಸ್ವಲ್ಪ ದೊಡ್ಡದಾಗುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ಕನಿಷ್ಠ ಕಥೆಗಳಲ್ಲಿ ನಿಂತಿತು. ಕೊಡಗಿನವರ ಹಾಗೆ ನಮ್ಮಲ್ಲಿ ಕೋವಿಗೆ ಸಂಸ್ಕಾರದ ಪಾತ್ರವೇನೂ ಇಲ್ಲ. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸುವ ಪದ್ಧತಿಯಿದೆ. ಕೈಲ್ ಮುಹೂರ್ತದಲ್ಲಿ ತೋಕಿಗೆ ಹೂವಿಟ್ಟು ಪೂಜಿಸುತ್ತಾರೆ. ಲೈಸೆನ್ಸಿನ ವಿಷಯದಲ್ಲೂ ಅವರಿಗೆ ಬೇರೆಯೇ ವಿನಾಯಿತಿ ಇದೆ. ನಮ್ಮದು ಹಾಗಲ್ಲ. ನಮ್ಮ ಕೋವಿ ತಾಲ್ಲೂಕು ಕಚೇರಿ, ಠಾಣೆ, ರಿನ್ಯೂವಲ್ಲು ಎಂದು ಓಡಾಡಿಸುವ ಕೋವಿ. 2011ರಲ್ಲಿ ಮಾವನವರು ತೀರಿಕೊಂಡಾಗ ಅದು ನಮ್ಮ ಯಜಮಾನರ ಹೆಸರಿಗೆ ಬಂತು, ಜೊತೆಗೆ ಓಡಾಟವೂ ಬಂತು.

ಎರಡು ವರ್ಷದ ಕೆಳಗೆ ಪಕ್ಕದ ಊರಿನ ಒಂದು ಒಂಟಿ ಮನೆಗೆ ರಾತ್ರಿ ನಾಲ್ಕು ಜನ ನುಗ್ಗಿ, ವಯಸ್ಸಾದ ಗಂಡ ಹೆಂಡತಿಯನ್ನು ಕಟ್ಟಿಹಾಕಿ, ಬೀರು ಒಡೆದುಕೊಂಡು ಹೋದರು. ಮಲೆನಾಡಿನ ಮನೆಗಳು ನಿಮ್ಮ ಪೇಟೆಯ ಮನೆಗಳ ಹಾಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ್ದಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ, ಎರಡು ತೋಟ. ಕೂಗಿದರೆ ಕೇಳುವುದು ಕಪ್ಪೆಗಳಿಗೆ. ಆ ಮನೆಯ ದೊಡ್ಡಮ್ಮ ನಮ್ಮ ಅತ್ತೆಗೆ ಸಂಬಂಧ. ನೋಡಲು ಹೋದಾಗ ಅವರ ಮಣಿಕಟ್ಟಿನಲ್ಲಿ ಹಗ್ಗದ ಗುರುತು ಇನ್ನೂ ಮಾಸಿರಲಿಲ್ಲ. ಬಳೆ ತೆಗೆಯುವಾಗ ಅವರಲ್ಲೊಬ್ಬ, "ಅಮ್ಮಾ, ಕೈ ಸಡಿಲ ಬಿಡಿ" ಎಂದನಂತೆ. ಅದನ್ನು ಹೇಳುವಾಗ ಮಾತ್ರ ಅವರಿಗೆ ಅಳು ಬಂತು. "ಅಮ್ಮಾ ಅಂದ ಕಣೇ" ಎಂದು ಎರಡು ಮೂರು ಸಲ ಹೇಳಿದರು.

ಈ ಸುದ್ದಿ ಬೆಂಗಳೂರಿಗೆ ಮುಟ್ಟಿದ್ದೇ ತಡ, ಮಗನ ಫೋನು. "ಆ ಹಳೇ ಕೋವಿ ಕೊಟ್ಟು ಹೊಸದು ತಗೊಳ್ಳಿ. ಅದು ಮ್ಯೂಸಿಯಮ್ಮಿಗೆ ಇಡೋದು. ಅಪ್ಪನ ಕಣ್ಣು ಬೇರೆ ಸರಿಯಿಲ್ಲ. ರಾತ್ರಿ ಏನಾದ್ರೂ ಆದರೆ ಯಾರು ಗತಿ?" ಹೊಸದರಲ್ಲಿ ಒಂದರ ಹಿಂದೊಂದು ತೋಟೆ ತಾನೇ ಸರಿಯಾಗಿ ಕೂರುತ್ತದಂತೆ, ಮುಂದಿನ ಹಿಡಿಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಎಳೆದರೆ ಸಾಕಂತೆ. ನಳಿಗೆ ಗಿಡ್ಡ, ಬಾಗಿಲ ಸಂದಿಯಲ್ಲಿ, ಮೆಟ್ಟಿಲ ತಿರುವಿನಲ್ಲಿ ತಿರುಗಿಸಲು ಸುಲಭ. ನಮ್ಮದರ ನಳಿಗೆ ಮೂವತ್ತು ಇಂಚು, ಅಡುಗೆಮನೆಯ ಬಾಗಿಲಲ್ಲಿ ಅಡ್ಡ ಹಿಡಿದರೆ ಒಳಗೇ ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡು ಕೋವಿಯವರೆಗೆ ಇಟ್ಟುಕೊಳ್ಳಬಹುದು, ಹಾಗಾಗಿ ಹಳೆಯದೂ ಇರಲಿ ಎನ್ನಬಹುದಿತ್ತು. ಆದರೆ ಒಂದನ್ನು ಕಾಯುವುದರಲ್ಲೇ ಸಾಕಾಗಿದ್ದ ಯಜಮಾನರಿಗೆ ಎರಡರ ಉಮೇದು ಇರಲಿಲ್ಲ. ಹಳೆಯದೋ, ಹೊಸದೋ ಎಂದಾಯಿತು.

ಒಂದು ತಿಂಗಳು ಅಪ್ಪ ಮಗ ಇದನ್ನೇ ಮಾತಾಡಿದರು. ಪಂಪ್‌ಸೆಟ್ ಕೊಳ್ಳುವಾಗ ಎಷ್ಟು ಹಾರ್ಸ್‌ಪವರ್ ಎಂದು ಮಾತಾಡುವ ಹಾಗೆ. ಶಿವಮೊಗ್ಗಕ್ಕೆ ಹೋಗಿ, ಕೋವಿ ರಿಪೇರಿ ಗೊತ್ತಿದ್ದ ಹಿರಿಯರೊಬ್ಬರಿಗೆ ನಮ್ಮದನ್ನು ತೋರಿಸಿದೆವು. ನಾನೂ ಹೋಗಿದ್ದೆ. ಅವರು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ನಮಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಹೇಳಿದರು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ತೋಟೆಗೆ ಮಾಡಿದವು. ಈಗ ಸಿಗುವುದು ಎರಡೂಮುಕ್ಕಾಲು ಇಂಚಿನದು. ಹಾಕಿದರೆ ಒಳಗೆ ಹೋಗುತ್ತದೆ, ಆದರೆ ಹಾರುವಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಹೆಚ್ಚುತ್ತದೆ. ಹಳೆಯ ಕಪ್ಪು ಮದ್ದಿಗೆಂದು ಮಾಡಿದ ನಳಿಗೆಯಾದರೆ ಈಗಿನ ಮದ್ದಿಗೆ ಸೀಳಲೂಬಹುದು. "ಕಳ್ಳನಿಗಿಂತ ಮೊದಲು ನಿಮ್ಮ ಎಡಗೈ ಹೋಗುತ್ತೆ ಯಜಮಾನ್ರೇ" ಎಂದರು. ಇಷ್ಟು ವರ್ಷ ಮಂಗ ಓಡಿಸುತ್ತಿದ್ದ ಎಡಗೈಯನ್ನು ಇವರು ಒಮ್ಮೆ ನೋಡಿಕೊಂಡರು.

ಇನ್ನೊಂದು ಮಾತನ್ನೂ ಅವರೇ ಹೇಳಿದರು. ಚರೆ ತೋಟೆಯಾದರೆ ಗುರಿ ಬೇಡ, ಆ ಕಡೆ ತಿರುಗಿಸಿದರೆ ಸಾಕು ಎಂದು ನಾವೆಲ್ಲ ತಿಳಿದಿದ್ದೆವು. ಅದು ಸುಳ್ಳಂತೆ. ಹತ್ತು ಹದಿನೈದು ಅಡಿಯಲ್ಲಿ ಚರೆ ಒಂದು ಅಂಗೈ ಅಗಲವೂ ಹರಡುವುದಿಲ್ಲ. ಆ ದೂರದಲ್ಲಿ ಅದು ಚರೆಯಲ್ಲ, ಒಂದು ಮುಷ್ಟಿ ಸೀಸ. ಇನ್ನು ದಪ್ಪ ಚರೆಯ ಎಲ್.ಜಿ. ತೋಟೆಯಾದರೆ ಮರದ ಹಲಗೆಯನ್ನು ದಾಟಿಕೊಂಡು ಹೋಗುತ್ತದೆ. ನಮ್ಮದು ಹಳೆಯ ಹಂಚಿನ ಮನೆ. ಜಗಲಿಗೂ ನಡುಕೋಣೆಗೂ ನಡುವೆ ಇರುವುದು ಹಲಗೆ ಗೋಡೆ. ರಜದಲ್ಲಿ ಬಂದ ಮಕ್ಕಳು ಮಲಗುವುದು ಆ ನಡುಕೋಣೆಯಲ್ಲಿ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ: "ಯಾರಿಗೆ ಹೊಡೆಯೋದು?"

"ಯಾರಿಗೆ ಅಂದ್ರೆ? ಬಂದವರಿಗೆ."

"ಬಂದವರು ಯಾರು ಅಂತ ಕತ್ತಲಲ್ಲಿ ಹೇಗೆ ಗೊತ್ತಾಗುತ್ತೆ?"

ಇವರು ಕಿಟಕಿಯ ಕಡೆ ತಿರುಗಿದರು. ಒಂದು ತಿಂಗಳು ನಳಿಗೆ, ತೋಟೆ, ತೂಕ, ಬೆಲೆ ಎಲ್ಲವನ್ನೂ ಮಾತಾಡಿದ್ದರು. ಈ ಒಂದು ವಿಷಯ ಬಂದಿರಲಿಲ್ಲ. ಬಂದಿರಲಿಲ್ಲ ಎಂದು ಅವರನ್ನು ದೂರುವ ಯೋಗ್ಯತೆ ನನಗೂ ಇಲ್ಲ. ಯಾಕೆಂದರೆ ಆ ಪ್ರಶ್ನೆಯನ್ನು ನಾನು ಕೇಳಿದ್ದು ಶುದ್ಧ ವಿಚಾರದಿಂದಲ್ಲ. ಇಪ್ಪತ್ತೈದು ವರ್ಷದಿಂದ ನನ್ನ ಹೊಟ್ಟೆಯೊಳಗೆ ಒಂದು ಸಂಗತಿ ಕೂತಿತ್ತು.

1999ರ ಜನವರಿ. ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿತ್ತು. ಬೇಯಿಸಿದ ಅಡಿಕೆಯನ್ನು ಅಂಗಳದ ಚಪ್ಪರದ ಮೇಲೆ ಹರವಿದ್ದೆವು. ಎರಡು ಮೂರು ರಾತ್ರಿಯಿಂದ ಚಪ್ಪರದ ಒಂದು ಮೂಲೆಯಲ್ಲಿ ಅಡಿಕೆ ಕಡಿಮೆಯಾಗುತ್ತಿದೆ ಎಂದು ಮಾವನವರಿಗೆ ಅನುಮಾನ ಬಂದಿತ್ತು. ಯಜಮಾನರು ಶಿವಮೊಗ್ಗದ ಮಂಡಿಗೆ ಹೋಗಿದ್ದರು. ಮಾವನವರಿಗೆ ಜ್ವರ, ಕಿವಿ ಮೊದಲೇ ಮಂದ. ನಡುರಾತ್ರಿ ಅತ್ತೆ ನನ್ನ ಭುಜ ಅಲ್ಲಾಡಿಸಿ, "ಅಂಗಳದಲ್ಲಿ ಯಾರೋ ಇದಾರೆ" ಎಂದು ಪಿಸುಗುಟ್ಟಿದರು. ಕರೆಂಟು ಇರಲಿಲ್ಲ. ಚಪ್ಪರದ ಗಳ ಒಮ್ಮೆ ಕಿರುಗುಟ್ಟಿತು.

ಕಾನೂನಿನ ಪ್ರಕಾರ ಲೈಸೆನ್ಸಿಲ್ಲದ ನಾನು ಆ ಕೋವಿಯನ್ನು ಮುಟ್ಟುವ ಹಾಗೂ ಇರಲಿಲ್ಲ. ಇಳಿಸಿದೆ. ಮೇಜಿನ ಖಾನೆಯಿಂದ ಎರಡು ತೋಟೆ ತೆಗೆದು, ಮಾವನವರು ಮಾಡುವುದನ್ನು ನೋಡಿದ್ದೆನಲ್ಲ, ಹಾಗೇ ನಳಿಗೆ ಬಗ್ಗಿಸಿ ತುಂಬಿದೆ. ಜಗಲಿಯ ಮರದ ಸರಳುಗಳ ನಡುವೆ ನಳಿಗೆ ಚಾಚಿದೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಚಪ್ಪರದ ಮೇಲೆ ಒಂದು ಆಕಾರ ಬಗ್ಗಿಕೊಂಡಿತ್ತು. ಆಗ ನನಗೆ ಭಯವಾಯಿತೇ ಎಂದರೆ, ಆಗಿತ್ತು. ಆದರೆ ಭಯಕ್ಕಿಂತ ಸಿಟ್ಟು ಹೆಚ್ಚು. ಇಡೀ ವರ್ಷದ ದುಡಿತ ಆ ಚಪ್ಪರದ ಮೇಲಿತ್ತು. ಇದನ್ನು ಮುಚ್ಚಿಡದೆ ಬರೆಯಬೇಕು: ನಾನು ಹೊಡೆಯಲೆಂದೇ ಹೊರಟಿದ್ದೆ. ಗಾಳಿಗೆ ಹಾರಿಸುವ ಯೋಚನೆ ಬರಲೇ ಇಲ್ಲ.

ಹಳೆಯ ಕೋವಿಗಳಲ್ಲಿ ಹಿಂಬದಿಯ ಕುದುರೆಯನ್ನು ಹೆಬ್ಬೆರಳಿನಿಂದ ಪೂರಾ ಹಿಂದಕ್ಕೆ ಎಳೆದು ನಿಲ್ಲಿಸಿದ ಮೇಲೆಯೇ ಟ್ರಿಗರ್ ಕೆಲಸ ಮಾಡುವುದು. ಸೀಮೆಸುಣ್ಣ ಹಿಡಿಯುವ ನನ್ನ ಹೆಬ್ಬೆರಳಿಗೆ ಅದು ಜಗ್ಗಲಿಲ್ಲ. ಒಮ್ಮೆ ಎಳೆದೆ, ಜಾರಿತು. ಇನ್ನೊಮ್ಮೆ ಎಳೆದೆ, ಅರ್ಧಕ್ಕೆ ಬಂದು ನಿಂತಿತು. ಕೈ ಸೋತ ಸಿಟ್ಟು ಬಾಯಿಗೆ ಬಂತೋ ಏನೋ, ತರಗತಿಯಲ್ಲಿ ಗದ್ದಲವಾದಾಗ ಕೂಗುವ ಧ್ವನಿಯಲ್ಲೇ ಕೂಗಿದೆ: "ಯಾರದು?"

"ನಾನು, ಟೀಚರ್."

ಹಾಜರಿ ಹೇಳಿದ ಹಾಗೆ ಬಂತು ಉತ್ತರ. ಆಮೇಲೆ ಎರಡು ಕಡೆಯೂ ಮೌನ. ಅವನಿಗೆ ತಾನು ಏನು ಹೇಳಿದೆ ಎಂದು ತಿಳಿಯಲು ಅಷ್ಟು ಹೊತ್ತು ಬೇಕಾಯಿತು. ದೊಪ್ಪನೆ ಹಾರಿ ತೋಟದ ಕಡೆ ಓಡಿದ. ಅರ್ಧ ತುಂಬಿದ ಚೀಲ ಚಪ್ಪರದ ಮೇಲೇ ಉಳಿಯಿತು. ಧ್ವನಿ ನನಗೆ ಗೊತ್ತಿತ್ತು. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಹುಡುಗ, ಎರಡನೆಯ ಬೆಂಚು, ಹಳಗನ್ನಡ ಪದ್ಯ ಓದಿಸಿದರೆ ಬೆವರುತ್ತಿದ್ದವನು. ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಅರ್ಧ ಎದ್ದ ಕುದುರೆಯನ್ನು ಇಳಿಸುವುದು ಹೇಗೆಂದೂ ಗೊತ್ತಿರಲಿಲ್ಲ. ಬೆಳಿಗ್ಗೆ ಮಾವನವರೇ ಇಳಿಸಿದರು.

ಕನ್ನಡ ಪಾಠ ಮಾಡುವ ನಾನು ಶ್ರವಣಕುಮಾರನ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಮಕ್ಕಳಿಗೆ ನೆನಪಿರುವುದು ಅಡ್ಡೆಯಲ್ಲಿ ತಂದೆ ತಾಯಿಯನ್ನು ಹೊತ್ತವನು. ಬಾಣ ಬಿಟ್ಟವನ ಕಡೆಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ವಾಲ್ಮೀಕಿಯಲ್ಲಿ ಆ ಹುಡುಗನಿಗೆ ಹೆಸರೂ ಇಲ್ಲ. ಕಥೆ ಪೂರಾ ದಶರಥನದು. ಮಳೆಗಾಲದ ರಾತ್ರಿ, ಸರಯೂ ದಡ, ಕೊಡಕ್ಕೆ ನೀರು ತುಂಬುವ ಸದ್ದು. ಆನೆ ಎಂದುಕೊಂಡ. ಸದ್ದಿಗೆ ಗುರಿಯಿಟ್ಟು ಹೊಡೆಯುವ ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತಿತ್ತು, ಅದೇ ಆದದ್ದು. ಕೈ ಅಷ್ಟು ಪಳಗಿರದಿದ್ದರೆ ಇನ್ನಷ್ಟು ಹತ್ತಿರ ಹೋಗಿ ನೋಡುತ್ತಿದ್ದನೋ ಏನೋ. ಹೊಸ ಕೋವಿಯ ಗುಣಗಾನ ಕೇಳುವಾಗಲೆಲ್ಲ ನನಗೆ ಶಬ್ದವೇಧಿಯ ನೆನಪು. ಬೇಗ, ಸಲೀಸು, ಕೈ ನೋಯುವುದಿಲ್ಲ. ನನ್ನನ್ನೂ ಆ ಹುಡುಗನನ್ನೂ ಉಳಿಸಿದ್ದು ನನ್ನ ಒಳ್ಳೆಯತನವಲ್ಲ. ತುಕ್ಕು ಹಿಡಿದ ಒಂದು ಸ್ಪ್ರಿಂಗು.

ಕಾನೂನು ಏನು ಹೇಳುತ್ತದೆ ಎಂದು ವಕೀಲರಾಗಿರುವ ನಮ್ಮ ಭಾವನವರನ್ನು ಈಚೆಗೆ ಕೇಳಿದೆ. ತನ್ನನ್ನೂ ತನ್ನ ಸ್ವತ್ತನ್ನೂ ರಕ್ಷಿಸಿಕೊಳ್ಳುವ ಹಕ್ಕು 1860ರ ದಂಡಸಂಹಿತೆಯಲ್ಲೇ ಇತ್ತು, 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲೂ ಇದೆ. ದರೋಡೆ, ರಾತ್ರಿ ಹೊತ್ತು ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿಯಿಡುವುದು, ಇಂಥವುಗಳಲ್ಲಿ ಆ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು. ಬರೀ ಕಳ್ಳತನವಾದರೆ, ಜೀವಕ್ಕೆ ಅಪಾಯವಿಲ್ಲದಿದ್ದರೆ, ಅಷ್ಟು ದೂರ ಹೋಗುವುದಿಲ್ಲ. ಯಾವುದಕ್ಕೇ ಆಗಲಿ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ನ್ಯಾಯವಾದ ಮಾತೇ. ಆದರೆ ಆ ಅಗತ್ಯವನ್ನು ತೂಗುವವರು ಹಗಲಲ್ಲಿ, ಫ್ಯಾನಿನ ಕೆಳಗೆ, ವರ್ಷಗಟ್ಟಲೆ ಕೂತು ತೂಗುತ್ತಾರೆ. ಜಗಲಿಯ ಸರಳಿನ ಹಿಂದೆ ನಿಂತವಳಿಗೆ ತಕ್ಕಡಿಯೇ ಕಾಣುವುದಿಲ್ಲ. ಚಪ್ಪರದ ಅಡಿಕೆಗಾಗಿ ಕೊಲ್ಲುವ ಹಕ್ಕು ನನಗೆ ಇರಲಿಲ್ಲ ಎಂದು ಈಗ ತಿಳಿಯಿತು.

ಗಾಂಧೀಜಿಯೂ ಈ ಕಳ್ಳನನ್ನು ಬಿಟ್ಟಿಲ್ಲ. 1909ರಲ್ಲಿ ಹಡಗಿನಲ್ಲಿ ಕೂತು ಬರೆದ 'ಹಿಂದ್ ಸ್ವರಾಜ್'ನಲ್ಲಿ ಮನೆಗೆ ಬಂದ ಕಳ್ಳನ ಬಗ್ಗೆ ಉದ್ದಕ್ಕೆ ಚರ್ಚಿಸುತ್ತಾರೆ. ಕಳ್ಳ ನಿನ್ನ ತಂದೆಯೇ ಆಗಿದ್ದರೆ ಒಂದು ಉಪಾಯ ಹೂಡುತ್ತೀಯ, ಪರಿಚಯದವನಾದರೆ ಬೇರೆ, ಅಪರಿಚಿತನಾದರೆ ಮತ್ತೂ ಬೇರೆ ಎನ್ನುತ್ತಾರೆ. ನಂತರ, ಬಾಗಿಲು ತೆರೆದೇ ಇಡು, ಸಾಮಾನು ಕೈಗೆ ಸಿಗುವ ಹಾಗಿಡು, ಅವನ ಮನಸ್ಸು ಕದಲಬಹುದು ಎನ್ನುವವರೆಗೆ ಹೋಗುತ್ತಾರೆ. ಇದನ್ನು ಅತ್ತೆಗೆ ಓದಿ ಹೇಳಿದೆ. ಎಂಬತ್ತಾರು ವರ್ಷದ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ಗಾಂಧಿಗೆ ಅಡಿಕೆ ತೋಟ ಇತ್ತಾ?" ಎಂದರು. ನಗು ಬಂತು. ಆದರೂ ಕಳ್ಳ ಯಾರು ಎಂಬುದರ ಮೇಲೆ ನಮ್ಮ ಕೈ ಬದಲಾಗುತ್ತದೆ ಎಂಬ ಅವರ ಮೊದಲ ಮಾತು ನನ್ನ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು. ಹೆಸರು ಗೊತ್ತಾದ ಮೇಲೆ ನಾನು ಹೊಡೆಯಲಾರದವಳಾದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ಟೀಚರಾಗಿ ಉಳಿಯುತ್ತಿದ್ದೆ. ಆದರೆ ಬೆಳಿಗ್ಗೆ ಮಾವನವರು, "ಯಾರು ಅಂತ ಗೊತ್ತಾಯ್ತೇನಮ್ಮ?" ಎಂದು ಕೇಳಿದಾಗ, "ಇಲ್ಲ ಮಾವ, ಕತ್ತಲು" ಎಂದೆ. ಅತ್ತೆ ಒಳಗಿನ ಬಾಗಿಲಲ್ಲಿದ್ದರು. ಉತ್ತರ ಬಂದದ್ದು ಕೇಳಿತ್ತು, ಮಾತು ಬಿಡಿಸಿ ಕೇಳಿರಲಿಲ್ಲ. ಹೆಸರು ಹೇಳಿದರೆ ಹುಡುಗನನ್ನು ಠಾಣೆಗೆ ಎಳೆಯುತ್ತಾರೆ, ಬದುಕು ಹಾಳಾಗುತ್ತದೆ ಎಂದು ನನ್ನ ಲೆಕ್ಕ. ಮಾವನವರ ಲೆಕ್ಕ ಬೇರೆ ಹೋಯಿತು. ಚಪ್ಪರದ ಯಾವ ಮೂಲೆಯ ಅಡಿಕೆ ಒಣಗಿದೆ ಎಂದು ಹೊರಗಿನವರಿಗೆ ಹೇಗೆ ಗೊತ್ತು, ಇದು ಮನೆಯ ಆಳಿನದೇ ಕೆಲಸ ಎಂದರು. ನಮ್ಮಲ್ಲಿ ಹದಿನಾಲ್ಕು ವರ್ಷದಿಂದ ಕೊನೆ ಕೊಯ್ಯುತ್ತಿದ್ದ ಒಬ್ಬರಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಆ ವರ್ಷದ ಲೆಕ್ಕ ಚುಕ್ತಾ ಮಾಡಿ, "ಮುಂದಿನ ಸಲ ಬೇರೆ ಕಡೆ ನೋಡ್ಕೋ" ಎಂದರು. ಅವರು ಏನೂ ಕೇಳದೆ, ಹಣ ಎಣಿಸದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಆ ಅಕ್ಕಿಯಲ್ಲಿ ಕಲ್ಲೇ ಇರಲಿಲ್ಲ.

ಆ ಹುಡುಗ ಈಗ ಪೇಟೆಯಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದಾನೆ. ಕಂಡರೆ ನಮಸ್ಕಾರ ಮಾಡುತ್ತಾನೆ. ಆ ರಾತ್ರಿಯ ಮಾತು ನಮ್ಮಿಬ್ಬರ ನಡುವೆ ಎಂದೂ ಬಂದಿಲ್ಲ. ಅವನನ್ನು ನೋಡಿದಾಗಲೆಲ್ಲ, ನಾನು ಕೊಲ್ಲಲಿಲ್ಲ ಎಂಬ ಸಮಾಧಾನದ ಹಿಂದೆಯೇ ಚುಕ್ತಾ ಆದ ಆ ಲೆಕ್ಕವೂ ಬಂದು ನಿಲ್ಲುತ್ತದೆ.

ಶಿವಮೊಗ್ಗದಿಂದ ಬಂದ ಆ ರಾತ್ರಿ ಯಜಮಾನರಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದು ಎರಡು ಮಾತು. ಒಂದು: "ನೀನು ಯಾರದು ಅಂತ ಕೇಳಿದೆ, ನಿನಗೆ ಉತ್ತರ ಬಂತು. ಆ ದೊಡ್ಡಮ್ಮನ ಮನೆಗೆ ಬಂದವರನ್ನು ಕೇಳಿದ್ದರೆ ಉತ್ತರ ಬರ್ತಿತ್ತಾ? ಎಲ್ಲಿದೀಯ ಅಂತ ಅವರಿಗೆ ಗೊತ್ತಾಗ್ತಿತ್ತು, ಅಷ್ಟೆ." ಇದಕ್ಕೆ ನನ್ನ ಹತ್ತಿರ ಜವಾಬಿಲ್ಲ. ಈಗಲೂ ಇಲ್ಲ. ಆ ಮಣಿಕಟ್ಟನ್ನು ನಾನೂ ನೋಡಿದ್ದೇನೆ. ಎರಡು: "ಅಪ್ಪ ಸಾಯೋವರೆಗೂ ಅವನೇ ಕದ್ದಿದ್ದು ಅಂದ್ಕೊಂಡೇ ಸತ್ತರು. ನಾನೂ ಹಾಗೇ ಅಂದ್ಕೊಂಡಿದ್ದೆ." ಇದನ್ನು ಹೇಳುವಾಗ ಅವರ ಧ್ವನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ.

ಹಳೆಯ ಕೋವಿಯನ್ನು ನಾವು ಇನ್ನು ಹಾರಿಸುವುದಿಲ್ಲ ಎಂದು ತೀರ್ಮಾನವಾಯಿತು. ಅದು ಎಡಗೈಯ ಪ್ರಶ್ನೆ, ಅದರಲ್ಲಿ ತತ್ವವೇನಿಲ್ಲ. ಮಗ ಹೇಳಿದ ಹೊಸದೂ ಬೇಡವೆಂದೆ. ಮಂಗಗಳಿಗೆ ಸದ್ದು ಬೇಕಲ್ಲ ಎಂದರು ಇವರು. ಹಾಗಾದರೆ ಒಂಟಿನಳಿಗೆಯದೊಂದು ಸಾಕು, ಒಂದು ತೋಟೆ ಹಿಡಿಯುವುದು, ಎಂದೆ. ಕೋವಿ ಜಗಲಿಯ ಗೂಟಕ್ಕೆ ಬೇಡ, ಒಳಕೋಣೆಯಲ್ಲಿ ಬೀಗದಲ್ಲಿ. ತೋಟೆ ಬೇರೆ ಕಡೆ, ನನ್ನ ಸೀರೆ ಬೀರುವಿನಲ್ಲಿ, ಕೀಲಿ ನನ್ನ ಹತ್ತಿರ. "ಅಷ್ಟು ಹೊತ್ತಿಗೆ ಕಳ್ಳ ಊಟ ಮಾಡಿ ಹೋಗಿರ್ತಾನೆ" ಎಂದ ಮಗ ಫೋನಿನಲ್ಲಿ. ಹೋಗಲಿ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಹಿಂಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ, ಅಂಗಳಕ್ಕೆರಡು ದೀಪ, ಇನ್ನೊಂದು ನಾಯಿ, ಇವಕ್ಕೆ ದುಡ್ಡು ಕಳಿಸಿದ. ನಾಯಿ ಬಹಳ ಚುರುಕು. ಅಂಚೆಯಣ್ಣನನ್ನು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ.

ಅರ್ಜಿಯನ್ನು ತುಂಬಿಸುವ ಕೆಲಸ, ಅಕ್ಷರ ಚೆನ್ನಾಗಿದೆಯೆಂದು, ನನಗೇ ಬಂತು. ಕೋವಿ ಯಾವ ಉದ್ದೇಶಕ್ಕೆ ಎಂಬಲ್ಲಿ ಪೆನ್ನು ನಿಂತಿತು. ಸ್ವಂತ ರಕ್ಷಣೆ ಎಂದು ಬರೆಯಬಹುದು, ಬೆಳೆ ರಕ್ಷಣೆ ಎಂದೂ ಬರೆಯಬಹುದು. ಬೆಳೆ ರಕ್ಷಣೆ ಎಂದು ಬರೆದೆ. ಇವರು ಕನ್ನಡಕ ಏರಿಸಿ ಓದಿ, ನನ್ನ ಮುಖ ನೋಡಿ, ಸಹಿ ಹಾಕಿದರು.

ಕೊನೆ ಕೊಯ್ಯುತ್ತಿದ್ದವರನ್ನು ವಿಚಾರಿಸಿದೆವು. ಕೊಪ್ಪದ ಸಂತೆಯಲ್ಲಿ ಯಾರೋ ಹೇಳಿದ ಪ್ರಕಾರ ಅವರು ತೀರಿಕೊಂಡು ಆರು ವರ್ಷವಾಗಿದೆ. ಹೆಂಡತಿ ಮಗಳ ಮನೆಯಲ್ಲಿದ್ದಾರೆ. ಈ ಸಲದ ಕೊಯ್ಲು ಶುರುವಾಗುವ ಮೊದಲು ಹೋಗಿ ಬರುವುದೆಂದು ಮಾಡಿದ್ದೇವೆ. ಹೋಗುವಾಗ ಏನು ತಗೊಂಡು ಹೋಗೋದು ಎಂದು ಇವರು ನಿನ್ನೆ ಕೇಳಿದರು. ಗೊತ್ತಿಲ್ಲ ಎಂದೆ.